ಗತ್ತು ಬೇರೆ, ಪತ್ತು ಬೇರೆ

ಬ್ಯಾಂಕಿನ ತರಬೇತಿ ಕೇಂದ್ರದಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲಿನ ಮೊದಲ ತರಗತಿ ಯಾರಿಗೂ ಬೇಡ. ಅನ್ನ-ಸಾರಿನ ಮಂಪರು ಹತ್ತಿದ ನಲವತ್ತು ಜನರ ಎದುರು ಸಾಲ ವಸೂಲಾತಿ ಕಾಯ್ದೆಯ ಪಾಠ ಮಾಡಲು ಯಾವ ಮೇಷ್ಟರಿಗೆ ಉತ್ಸಾಹ ಬಂದೀತು? ಹಾಗಾಗಿ ಆ ಹೊತ್ತನ್ನು ಹೊರಗಿನಿಂದ ಬರುವ ‘ವ್ಯಕ್ತಿತ್ವ ವಿಕಸನ’ದವರಿಗೆ ಬಿಟ್ಟುಕೊಡುತ್ತಿದ್ದರು. ಅವರು ಬಂದವರೇ ನಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸುವರು, ಪಕ್ಕದವರ ಕೈ ಕುಲುಕಿಸುವರು, ಹೆಗಲು ಹಿಂದಕ್ಕೆ ಎಳೆಯಲು ಹೇಳುವರು. ಆಮೇಲೆ ಪರದೆಯ ಮೇಲೆ ಮೂರು ಅಂಕಿ ಮೂಡುತ್ತಿದ್ದವು: 55, 38, 7. ನೀವು ಬೀರುವ ಪ್ರಭಾವದಲ್ಲಿ ನೂರಕ್ಕೆ 55 ಪಾಲು ಮೈಯ ಭಾಷೆ, 38 ಪಾಲು ದನಿ, ಆಡುವ ಮಾತಿನದು ಬರೀ 7. ಮೂವತ್ತು ವರ್ಷದ ನೌಕರಿಯಲ್ಲಿ ಈ ಲೆಕ್ಕವನ್ನು ನಾನು ಕಡಿಮೆಯೆಂದರೂ ನಾಲ್ಕು ಸಲ ಬರೆದುಕೊಂಡಿದ್ದೇನೆ. ದಿನವಿಡೀ ಲೆಕ್ಕ ತಾಳೆ ನೋಡುವ ಜನ ನಾವು. ಈ ಲೆಕ್ಕ ಎಲ್ಲಿಂದ ಬಂತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ಪುರುಸೊತ್ತು ಸಿಕ್ಕಿತು, ಹುಡುಕಿದೆ. ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳು ಇದರ ಮೂಲ. ಒಂದರಲ್ಲಿ ಬಿಡಿಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಮುದ್ರಿಸಿ ಕೇಳಿಸಿದರು. ಇನ್ನೊಂದರಲ್ಲಿ ‘ಇರಬಹುದು’ ಎಂಬರ್ಥದ ಒಂದೇ ಒಂದು ಪದ ಕೇಳಿಸಿ, ಜೊತೆಗೆ ಮುಖದ ಫೋಟೋ ತೋರಿಸಿದರು. ಹೇಳುವವರಿಗೆ ಎದುರಿನವರ ಮೇಲೆ ಪ್ರೀತಿಯಿದೆಯೋ ಸಿಟ್ಟಿದೆಯೋ ಹೇಳಿ ಎಂದರು. ಮುಖ ಗಂಟಿಕ್ಕಿಕೊಂಡು ‘ಬಹಳ ಸಂತೋಷ’ ಅನ್ನುವವರ ವಿಷಯದಲ್ಲಿ ನಾವು ಮಾತು ನಂಬುತ್ತೇವೋ ಮುಖ ನಂಬುತ್ತೇವೋ ಅನ್ನುವುದಷ್ಟೇ ಅಲ್ಲಿನ ಪ್ರಶ್ನೆ. ಮನಸ್ಸಿನ ಒಲವು-ಮುನಿಸು ಬಿಟ್ಟು ಬೇರೆ ವಿಷಯದ ಮಾತುಕತೆಗೆ ಈ ಲೆಕ್ಕ ಹೊಂದುವುದಿಲ್ಲ ಎಂದು ಸ್ವತಃ ಮೆಹ್ರೇಬಿಯನ್ನರೇ ಹೇಳಿದ್ದಾರೆ. ಆದರೂ ಲೆಕ್ಕ ಊರೂರು ಸುತ್ತುತ್ತಲೇ ಇದೆ.

ನಮ್ಮ ತರಬೇತುದಾರರು ಒಂದು ರಾತ್ರಿ ದಕ್ಷಿಣ ಕನ್ನಡದ ಕಡೆ ಹೋಗಿ ಯಕ್ಷಗಾನದ ತಾಳಮದ್ದಳೆ ಕೇಳಬೇಕಿತ್ತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಾಗಲಿ ಮಲ್ಪೆ ಶಂಕರನಾರಾಯಣ ಸಾಮಗರಾಗಲಿ ಪಂಚೆ ಉಟ್ಟು, ಶಾಲು ಹೊದ್ದು, ಚಕ್ಕಳ ಮಕ್ಕಳ ಹಾಕಿ ಕೂತರೆ ಕೂತದ್ದೇ. ಎದುರು ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಒಂದು ವಾದಕ್ಕೆ ಇನ್ನೊಂದು ವಾದ. ಬೆಳಗಿನ ಜಾವದವರೆಗೆ ಜನ ಕದಲುತ್ತಿರಲಿಲ್ಲ. ದನಿಯ ಪಾಲು ಇರಲಿಲ್ಲವೇ ಎಂದರೆ ಇತ್ತು, ಖಂಡಿತ ಇತ್ತು. ಆದರೆ ಮರುದಿನ ಅಡಕೆ ಸುಲಿಯುತ್ತಾ ಜನ ನೆನೆಯುತ್ತಿದ್ದುದು ದನಿಯನ್ನಲ್ಲ, ವಾಲಿ ರಾಮನಿಗೆ ಹಾಕಿದ ಪ್ರಶ್ನೆಯನ್ನು.

ಆ 55-38-7ರ ಲೆಕ್ಕಕ್ಕೆ ತಮ್ಮನಂಥದ್ದು ಇನ್ನೊಂದಿದೆ, ‘ಪವರ್ ಪೋಸ್’. ಕೈಕಾಲು ಅಗಲಿಸಿ, ಮೈ ಹರವಿ ಎರಡು ನಿಮಿಷ ದೊಡ್ಡಸ್ತಿಕೆಯ ಭಂಗಿಯಲ್ಲಿದ್ದರೆ ದೇಹದ ರಸಗಳೇ ಬದಲಾಗಿ ಧೈರ್ಯ ಹೆಚ್ಚುತ್ತದೆ ಎಂದು 2010ರಲ್ಲಿ ಮೂವರು ಸಂಶೋಧಕರು ಬರೆದರು. ಪರೀಕ್ಷೆಗೆ ಒಳಗಾದವರು 42 ಜನ. ಆ ಮೂವರಲ್ಲೊಬ್ಬರಾದ ಏಮಿ ಕಡ್ಡಿ 2012ರಲ್ಲಿ ಟೆಡ್ ವೇದಿಕೆಯಲ್ಲಿ ಮಾಡಿದ ಭಾಷಣವನ್ನು ಕೋಟಿಗಟ್ಟಲೆ ಜನ ನೋಡಿದರು. 2015ರಲ್ಲಿ ಬೇರೊಂದು ತಂಡ ಇನ್ನೂರು ಜನರ ಮೇಲೆ ಅಂಥದೇ ಪ್ರಯೋಗ ಮಾಡಿದಾಗ ರಸಗಳೂ ಬದಲಾಗಲಿಲ್ಲ, ನಡವಳಿಕೆಯೂ ಬದಲಾಗಲಿಲ್ಲ. ಮೂಲ ಪ್ರಬಂಧದ ಮೊದಲ ಲೇಖಕಿ ಡೇನಾ ಕಾರ್ನೆಯವರೇ 2016ರಲ್ಲಿ ‘ಈ ಪರಿಣಾಮ ನಿಜವೆಂದು ನಾನು ಈಗ ನಂಬುವುದಿಲ್ಲ’ ಎಂಬರ್ಥದಲ್ಲಿ ಬಹಿರಂಗವಾಗಿ ಬರೆದರು. ಸಂಶೋಧಕರಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ, ಅದಕ್ಕೆ ಕೈ ಮುಗಿಯಬೇಕು. ಒಂದು ಅಂಶ ಮಾತ್ರ ಎರಡೂ ಸಲ ಉಳಿದುಕೊಂಡಿತು: ಹಾಗೆ ಭಂಗಿ ಹಿಡಿದವರಿಗೆ ತಾವು ಗಟ್ಟಿಗರು ಎಂದು ಅನ್ನಿಸಿತ್ತು. ತಮಗೆ ಅನ್ನಿಸಿತ್ತು. ನೋಡುವವರಿಗೆ ಏನನ್ನಿಸಬೇಕು ಎಂಬುದು ಬೇರೆ ಮಾತು, ಮತ್ತು ನನ್ನ ತಕರಾರೆಲ್ಲ ಇರುವುದು ಆ ಬೇರೆ ಮಾತಿನಲ್ಲೇ.

ಕನ್ನಡದಲ್ಲಿ ಈ ಎರಡಕ್ಕೆ ಎರಡು ಪದ ಇವೆ. ಒಬ್ಬ ಮನುಷ್ಯ ತಾನೇ ಮೈಮೇಲೆ ಹೊತ್ತು ತಿರುಗುವುದು ಗತ್ತು. ಊರು ಅವನಿಗೆ ಕೊಡುವುದು ಪತ್ತು. ಪತ್ತಿನ ಸಹಕಾರ ಸಂಘ ಎಂಬ ಬೋರ್ಡನ್ನು ಎಲ್ಲರೂ ಓದಿರುತ್ತೇವೆ, ಪತ್ತು ಎಂದರೇನು ಎಂದು ನಿಂತು ಯೋಚಿಸಿರುವುದಿಲ್ಲ. ‘ಪೇಟೆಯಲ್ಲಿ ಅವನಿಗೆ ಪತ್ತಿದೆ’ ಎಂದರೆ ಕಾಸಿಲ್ಲದೆ ಹೋದರೂ ಅಂಗಡಿಯವನು ಸಾಮಾನು ಕಟ್ಟಿ ಕೊಡುತ್ತಾನೆ ಎಂದರ್ಥ. ಗತ್ತನ್ನು ಕನ್ನಡಿ ಮುಂದೆ ನಿಂತು ಒಂದು ವಾರದಲ್ಲಿ ಕಲಿಯಬಹುದು. ಪತ್ತಿನ ಲೆಕ್ಕ ನಮ್ಮ ಪುಸ್ತಕದಲ್ಲಿ ಇರುವುದೇ ಇಲ್ಲ, ಇನ್ನೊಬ್ಬರ ಪುಸ್ತಕದಲ್ಲಿರುತ್ತದೆ. ತನ್ನನ್ನು ತಾನು ತಿದ್ದಿಕೊಂಡವನಿಗೆ ಪ್ರಭಾವ ತಾನಾಗಿ ಒದಗುತ್ತದೆ ಎಂದು ಹೇಳುವ ಪುಸ್ತಕಗಳು, ಭಾಷಣಗಳು, ಎರಡು ದಿನದ ಶಿಬಿರಗಳು ಎಲ್ಲವೂ ಗತ್ತನ್ನು ಮಾರಿ ಪತ್ತಿನ ರಸೀದಿ ಕೊಡುತ್ತಿವೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಸಾಲ ಕೊಡುವ ಮುಂಚೆ ಬ್ಯಾಂಕಿನಲ್ಲಿ ಒಪೀನಿಯನ್ ರಿಪೋರ್ಟ್ ಎಂದು ಒಂದನ್ನು ಬರೆಯಬೇಕು. ಸಾಲ ಕೇಳಿದವನ ಬಗ್ಗೆ, ಜಾಮೀನುದಾರನ ಬಗ್ಗೆ, ಮ್ಯಾನೇಜರ್ ಪೇಟೆಯಲ್ಲಿ ವಿಚಾರಿಸಿ ಬರೆಯುವ ಅಭಿಪ್ರಾಯ ಅದು. ನಾನು ತಿಪಟೂರಿನಲ್ಲಿದ್ದಾಗ ಕೊಬ್ಬರಿ ಮಂಡಿಗಳ ಕಡೆಯಿಂದ, ಗೊಬ್ಬರದಂಗಡಿ, ಟೀ ಅಂಗಡಿ, ಲಾರಿ ಬುಕಿಂಗ್ ಆಫೀಸು ಎಂದು ಒಂದು ಸುತ್ತು ಹಾಕುತ್ತಿದ್ದೆ. ನೇರ ಕೇಳುವ ಹಾಗಿಲ್ಲ. ಟೀ ಕುಡಿಯುತ್ತಾ, ಮಳೆ-ಬೆಳೆ ಮಾತಾಡುತ್ತಾ, ‘ಅವರು ಹೇಗೆ?’ ಎಂದು ಎಸೆಯಬೇಕು. ಬರುತ್ತಿದ್ದ ಉತ್ತರಗಳು ಇಂಥವು: ‘ತಗೊಂಡಿದ್ದು ಕೊಡ್ತಾನೆ ಸ್ವಾಮಿ, ಒಂದಿಷ್ಟು ತಡ ಆಗುತ್ತೆ.’ ‘ಮಾತು ಒರಟು, ತೂಕ ಸರಿ.’ ‘ಅಣ್ಣ-ತಮ್ಮಂದಿರ ಪಾಲಲ್ಲಿ ಕಿತ್ತಾಡಲಿಲ್ಲ, ಬಿಟ್ಟುಕೊಟ್ಟ.’ ಒಬ್ಬ ಮಂಡಿ ಗುಮಾಸ್ತ ಏನೂ ಹೇಳದೆ ತಕ್ಕಡಿ ಕಡೆ ನೋಡಿ ನಕ್ಕ. ಆ ಅರ್ಜಿ ಅಲ್ಲಿಗೇ ಮುಗಿಯಿತು. ಕೈ ಕುಲುಕುವ ಬಿಗಿ, ಕಣ್ಣಿಗೆ ಕಣ್ಣಿಟ್ಟು ನೋಡುವ ನೋಟ, ಹಾಕುವ ಬೂಟು ಇವುಗಳನ್ನು ನೂರಾರು ವರದಿಗಳಲ್ಲಿ ಒಬ್ಬರೂ ಹೇಳಿದ ನೆನಪಿಲ್ಲ. ನನ್ನ ಕುರ್ಚಿಯೆದುರು ಎಲ್ಲರಿಗಿಂತ ಚೆನ್ನಾಗಿ ಕೂತವರು, ಎಲ್ಲರಿಗಿಂತ ಆತ್ಮವಿಶ್ವಾಸದಿಂದ ಮಾತಾಡಿದವರು ಯಾರೆಂದು ನೆನೆದರೆ ನಾಲ್ಕೈದು ಮುಖ ಕಣ್ಣೆದುರು ಬರುತ್ತವೆ. ಅವರಲ್ಲಿ ಮೂವರ ಮೇಲೆ ಆಮೇಲೆ ದಾವೆ ಹೂಡಬೇಕಾಯಿತು.

ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಬೈಯುವಾಗ ಲೇಖಕ ಡೇಲ್ ಕಾರ್ನೆಗಿಯವರಿಗೆ ಅನ್ಯಾಯ ಮಾಡಬಾರದು. ಸ್ನೇಹ ಗಳಿಸುವ, ಜನರ ಮೇಲೆ ಪ್ರಭಾವ ಬೀರುವ ಬಗೆ ಹೇಳುವ ಅವರ 1936ರ ಪುಸ್ತಕವನ್ನು ಬೈಯುವವರಲ್ಲಿ ಓದಿದವರು ಕಡಿಮೆ. ಅದರಲ್ಲಿ ಎದೆ ಸೆಟೆಸುವ ಪಾಠ ಇಲ್ಲ. ಎದುರಿನವರ ಮಾತು ಕೇಳಿ, ಅವರ ಹೆಸರು ನೆನಪಿಟ್ಟುಕೊಳ್ಳಿ, ವಾದಕ್ಕಿಳಿಯಬೇಡಿ, ಮನಸಾರೆ ಮೆಚ್ಚಿ ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಈ ಒಳ್ಳೆಯತನ ಯಾತಕ್ಕೆ ಎಂದರೆ, ಅವರಿಂದ ಕೆಲಸ ಆಗಬೇಕಲ್ಲ ಅದಕ್ಕೆ. ಕಾರ್ನೆಗಿಯವರ ಮನೆತನದ ಹೆಸರಿನ ಕಾಗುಣಿತ ಮೊದಲು ಬೇರೆ ಇತ್ತು, ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿಯ ಹೆಸರಿನಂತೆ ಕಾಣಲಿ ಎಂದು ತಿದ್ದಿಕೊಂಡರು. ತಪ್ಪೇನಿಲ್ಲ, ಸಿನಿಮಾದವರೂ ಮಾಡುತ್ತಾರೆ. ಆದರೆ ಆ ಮೇಲ್ಪಂಕ್ತಿಯಲ್ಲೇ ಮುಂದೆ ಬರಲಿದ್ದುದರ ಸುಳಿವು ಇತ್ತು. 1997ರಲ್ಲಿ ಟಾಮ್ ಪೀಟರ್ಸ್ ಎಂಬ ಆಡಳಿತ ಬರಹಗಾರರು ‘ನೀನೇ ಒಂದು ಬ್ರ್ಯಾಂಡ್’ ಎಂಬ ವಾದದ ಲೇಖನ ಬರೆದರು. ಸೋಪಿಗೆ, ಶೂಗೆ ಇರುವ ಹಾಗೆ ಮನುಷ್ಯನಿಗೂ ಒಂದು ಛಾಪು ಬೇಕು, ಅದನ್ನು ಅವನೇ ಕಟ್ಟಿಕೊಳ್ಳಬೇಕು ಎಂದು. ಇವತ್ತು ಬೆಂಗಳೂರಿನಲ್ಲಿ ಇಪ್ಪತ್ತೆರಡರ ಹುಡುಗ ನೌಕರಿಗೆ ಸೇರಿದ ವಾರಕ್ಕೇ ಲಿಂಕ್ಡ್‌ಇನ್‌ನಲ್ಲಿ ನಾಯಕತ್ವದ ಬಗ್ಗೆ ಬರೆಯುತ್ತಾನಲ್ಲ, ಪಾಪ, ಅದು ಅವನ ತಪ್ಪಲ್ಲ. ಕಾಲೇಜಿನಲ್ಲಿ ಹಾಗೆ ಹೇಳಿಕೊಟ್ಟಿದ್ದಾರೆ.

ಕಾರ್ನೆಗಿ ನ್ಯೂಯಾರ್ಕಿನ ವೈಎಂಸಿಎಯಲ್ಲಿ ಭಾಷಣಕಲೆ ಕಲಿಸಲು ಶುರು ಮಾಡಿದ್ದು 1912ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಬ್ಯಾಂಕಿಂಗ್ ದೊರೆ ಜೆ.ಪಿ. ಮಾರ್ಗನ್ ಸಂಸತ್ತಿನ ಸಮಿತಿಯೊಂದರ ಮುಂದೆ ಸಾಕ್ಷಿ ನುಡಿಯಲು ಕೂತಿದ್ದರು. ಸಾಲ ಕೊಡುವಾಗ ಮೊದಲು ನೋಡುವುದು ಹಣ-ಆಸ್ತಿಯನ್ನೇ ಅಲ್ಲವೇ ಎಂಬ ಪ್ರಶ್ನೆಗೆ ಅವರು ಅಲ್ಲವೆಂದರು, ನಡತೆ ಮೊದಲು ಎಂದರು. ಬ್ಯಾಂಕಿನವರು ಈ ಮಾತನ್ನು ಇವತ್ತಿಗೂ ಹೆಮ್ಮೆಯಿಂದ ಉದ್ಧರಿಸುತ್ತಾರೆ, ನಾನೂ ಭಾಷಣಗಳಲ್ಲಿ ಬಳಸಿಕೊಂಡಿದ್ದೇನೆ. ಈಗ ಓದಿದರೆ ಅದರಲ್ಲಿ ಒಂದು ಪ್ರಶ್ನೆ ಉಳಿದೇಹೋಗಿದೆ ಅನ್ನಿಸುತ್ತದೆ: ನಡತೆ ಒಳ್ಳೆಯದು ಎಂದು ತೀರ್ಮಾನಿಸುವವರು ಯಾರು?

ಅಲ್ಲಿಗೆ ನನ್ನ ಪತ್ತಿನ ಮಾತಿಗೂ ಪೆಟ್ಟು ಬೀಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಆ ಪೇಟೆ ಸುತ್ತಿನಲ್ಲಿ ಕೆಲವು ಹೆಸರು ಹೇಳಿದಾಗ ಅಂಗಡಿಯವರು ‘ನಮಗೆ ಗೊತ್ತಿಲ್ಲ ಸ್ವಾಮಿ’ ಎನ್ನುತ್ತಿದ್ದರು. ಮೊದಮೊದಲು ನಾನದನ್ನು ‘ಅಭಿಪ್ರಾಯ ಲಭ್ಯವಿಲ್ಲ’ ಎಂದು ಬರೆದೆ. ಆಮೇಲೆ ಅರ್ಥವಾಯಿತು, ಗೊತ್ತಿಲ್ಲದ ಆ ಹೆಸರುಗಳೆಲ್ಲ ಹೆಚ್ಚುಕಡಿಮೆ ಒಂದೇ ಕೇರಿಯವು. ಅವರಿಗೆ ಅಂಗಡಿಯಲ್ಲಿ ಉದ್ರಿ ಕೊಟ್ಟವರೇ ಇರಲಿಲ್ಲ, ಹಾಗಾಗಿ ತೀರಿಸಿದ ದಾಖಲೆಯೂ ಇರಲಿಲ್ಲ. ನಮ್ಮ ಕಡೆ ಜನ ‘ಇನ್‌ಫ್ಲುಯೆನ್ಸ್ ಇದೆಯಾ?’ ಎಂದು ಕೇಳುವಾಗ ಯಾವ ಅರ್ಥದಲ್ಲಿ ಕೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ವಶೀಲಿ ಇದೆಯಾ, ಯಾರ ಕಡೆಯವರು, ಯಾವ ಜನ, ಎಮ್ಮೆಲ್ಲೆ ಪರಿಚಯವಾ ಎಂದು. ಪ್ರಭಾವದ ಬಗ್ಗೆ ನೂರಾರು ಪುಟ ಬರೆಯುವ ವ್ಯಕ್ತಿತ್ವ ವಿಕಸನದವರು ಈ ಅರ್ಥದ ಕಡೆ ತಿರುಗಿಯೂ ನೋಡುವುದಿಲ್ಲ. ಬಾಗಿಲು ಯಾರಿಗೆ ತೆರೆದಿದೆ ಎಂದು ಹೇಳದೆ, ಬಾಗಿಲು ತಟ್ಟುವ ಶೈಲಿಯನ್ನು ಕಲಿಸುತ್ತಾರೆ.

ಆ ಕೇರಿಯವರಿಗೆ ಪತ್ತು ಬಂದದ್ದು ಹೇಗೆ? ಅವರು ಬೆನ್ನು ನೆಟ್ಟಗೆ ಮಾಡಿ ಕೂತದ್ದರಿಂದ ಅಲ್ಲ. 1969ರ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, ಹಿಂದುಳಿದವರಿಗೂ ಇಷ್ಟು ಸಾಲ ಹೋಗಲೇಬೇಕು ಎಂಬ ನಿಯಮಗಳು ಬಂದವು. ಅದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಹೆಂಗಸರ ಸಂಘಗಳು. ಕರ್ನಾಟಕದಲ್ಲಿ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಎಂಬತ್ತರ ದಶಕದಲ್ಲೇ ಹಳ್ಳಿಗಳಲ್ಲಿ ಉಳಿತಾಯದ ಗುಂಪು ಕಟ್ಟಿದ್ದವು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳಿಗೆ ನೇರವಾಗಿ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಶುರು ಮಾಡಿತು. ಆಧಾರ ಇಲ್ಲ, ಆಸ್ತಿ ಇಲ್ಲ, ಒಬ್ಬಳಿಗೆ ಇನ್ನೊಬ್ಬಳು ಹೊಣೆ.

ಇಲ್ಲಿ ಒಂದು ತಮಾಷೆ ಇದೆ. ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ಸ್ಕಾಟ್ಲೆಂಡಿನ ಲೇಖಕ 1859ರಲ್ಲಿ ‘ಸೆಲ್ಫ್-ಹೆಲ್ಪ್’ ಎಂಬ ಪುಸ್ತಕ ಬರೆದ. ಒಬ್ಬೊಬ್ಬನೂ ತನ್ನ ಶ್ರಮದಿಂದ ತಾನೇ ಮೇಲೆ ಬರಬೇಕು ಎಂಬುದು ಅದರ ತಿರುಳು. ತನ್ನನ್ನು ತಾನು ತಿದ್ದಿಕೊಳ್ಳುವ ಸಾಹಿತ್ಯಕ್ಕೆಲ್ಲ ಆ ಹೆಸರು ಬಂದದ್ದು ಅಲ್ಲಿಂದ. ಅದೇ ಪದ ಕನ್ನಡಕ್ಕೆ ಬಂದು ಹಳ್ಳಿ ಸೇರಿದಾಗ ‘ಸ್ವಸಹಾಯ ಸಂಘ’ವಾಯಿತು. ಸಂಘ ಎಂಬ ಬಾಲವಿಲ್ಲದೆ ಸ್ವಸಹಾಯ ಎಂಬ ಪದವನ್ನು ನಮ್ಮ ಹಳ್ಳಿಯ ಹೆಂಗಸರು ಆಡಿದ್ದನ್ನು ನಾನು ಕೇಳಿಲ್ಲ. ಭಾಷಾಂತರದ ಆಕಸ್ಮಿಕ ಎನ್ನಿ, ಆದರೆ ಮೂಲಕ್ಕಿಂತ ಭಾಷಾಂತರದಲ್ಲೇ ಹೆಚ್ಚು ಸತ್ಯವಿದೆ. ಒಬ್ಬರಿಗೊಬ್ಬರು ಹೊಣೆಯಾಗುವುದು ಹೊಸದೇನೂ ಅಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವೂ ಹೀಗೇ. ಆಗಿನ ಕಾಯ್ದೆಯಂತೆ ಹಳ್ಳಿ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರುತ್ತಿರಲಿಲ್ಲ, ಒಬ್ಬ ತಪ್ಪಿದರೆ ಉಳಿದವರು ಕಟ್ಟಬೇಕು.

ಸಂಘದ ಹೆಂಗಸರು ಮೊದಲ ಸಲ ಶಾಖೆಗೆ ಬಂದ ದಿನ ನೋಡಬೇಕು. ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಡಗಿ, ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಬಾಗಿಲ ಹತ್ತಿರವೇ ನಿಲ್ಲುವರು. ಕೌಂಟರಿನ ಹುಡುಗ ‘ಏನಮ್ಮಾ?’ ಎಂದರೆ ಎಲ್ಲರೂ ನೆಲ ನೋಡುವರು. ನಮ್ಮ ತರಬೇತುದಾರರ ಅಳತೆಗೋಲಿನಲ್ಲಿ ನೂರಕ್ಕೆ ಸೊನ್ನೆ. ಒಂದೂವರೆ ವರ್ಷ ವಾರದ ಸಭೆ ನಡೆಸಿ, ಠರಾವು ಪುಸ್ತಕ ಬರೆದು, ಹತ್ತು ಹತ್ತು ರೂಪಾಯಿ ಕೂಡಿಸಿ, ಒಳಗೇ ಸಾಲ ಕೊಟ್ಟು ವಸೂಲಿ ಮಾಡಿದ ಮೇಲೆ ಅವರಲ್ಲೊಬ್ಬ ಹೆಣ್ಣುಮಗಳು ನನ್ನ ಮೇಜಿನೆದುರು ಬಂದು, ‘ಸಾರ್, ನಮ್ಮ ಪುಸ್ತಕದಲ್ಲಿ ಬಡ್ಡಿ ನಾನ್ನೂರ ಹನ್ನೆರಡು, ನಿಮ್ಮದ್ರಲ್ಲಿ ನಾನ್ನೂರ ಅರವತ್ತು. ಯಾಕೆ?’ ಎಂದಳು. ಕಣ್ಣಲ್ಲಿ ಕಣ್ಣಿಟ್ಟೇ ಕೇಳಿದಳು. ತಪ್ಪು ನಮ್ಮದೇ ಇತ್ತು. ಆತ್ಮವಿಶ್ವಾಸ ಮೊದಲು ಬಂದು ಅದರ ಹಿಂದೆ ಕೆಲಸ ಬರುತ್ತದೆ ಎಂದು ಶಿಬಿರಗಳಲ್ಲಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಆ ನಲವತ್ತೆಂಟು ರೂಪಾಯಿ ನೆನಪಾಗುತ್ತದೆ. ಲೆಕ್ಕ ಕೈಯಲ್ಲಿದ್ದುದರಿಂದ ಅವಳ ಕಣ್ಣು ಮೇಲೆದ್ದಿತ್ತು.

‘ನಿಮ್ಮದೆಲ್ಲ ಹಳ್ಳಿ ಬ್ಯಾಂಕಿನ ಕಾಲದ ಮಾತು. ಇವತ್ತು ಹತ್ತು ನಿಮಿಷದ ಸಂದರ್ಶನದಲ್ಲಿ ಆಯ್ಕೆ ನಡೆಯುತ್ತೆ, ಅಲ್ಲಿ ಪೇಟೆ ವಿಚಾರಣೆ ಎಲ್ಲಿಂದ ತರೋಣ?’ ಎಂದು ನನ್ನ ಮಗಳೇ ಕೇಳಿದ್ದಾಳೆ. ಅವಳ ಪ್ರಶ್ನೆ ಗಟ್ಟಿಯಾದದ್ದು. ಕನ್ನಡ ಮಾಧ್ಯಮದಲ್ಲಿ ಓದಿ, ಚೆನ್ನಾಗಿ ಕೆಲಸ ಬಲ್ಲ ಹುಡುಗಿಯೊಬ್ಬಳು ವೈಟ್‌ಫೀಲ್ಡಿನ ಗಾಜಿನ ಕೋಣೆಯಲ್ಲಿ ನಾಲಿಗೆ ಒಣಗಿ ಕೂತಿರುವಾಗ ‘ಪತ್ತು ತಾನಾಗಿ ಬರುತ್ತೆ ಮಗಾ’ ಎನ್ನುವುದು ಕ್ರೌರ್ಯ. ಅವಳಿಗೆ ಇಂಗ್ಲಿಷ್ ಮಾತಾಡಲು ಕಲಿಸಬೇಕು, ಹತ್ತು ಜನರೆದುರು ನಿಂತು ಅಭ್ಯಾಸ ಮಾಡಿಸಬೇಕು, ಇಮೇಲ್ ಬರೆಯುವುದು ಹೇಳಿಕೊಡಬೇಕು. ಇದಕ್ಕೆ ನನ್ನ ವಿರೋಧವಿಲ್ಲ. ಆದರೆ ಇವು ಸ್ಕೂಟರ್ ಓಡಿಸಲು ಕಲಿತಂಥ ಕೌಶಲಗಳು. ಸ್ಕೂಟರ್ ಬಾರದವರಿಗೆ ವ್ಯಕ್ತಿತ್ವ ಅರ್ಧ ಬೆಳೆದಿದೆ ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷ್ ಬಾರದ ಹುಡುಗಿಗೆ ಮಾತ್ರ ‘ನಿನ್ನ ವ್ಯಕ್ತಿತ್ವ ವಿಕಸನವಾಗಬೇಕು’ ಎನ್ನುತ್ತೇವೆ. ಅವಳ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರಿರಲಿಲ್ಲ ಎಂಬ ಸಂಗತಿ ಆ ಒಂದು ಪದದಿಂದ ಅವಳೊಳಗಿನ ಕೊರತೆಯಾಗಿಬಿಡುತ್ತದೆ.

ಹರೇಕಳ ಹಾಜಬ್ಬರ ಕಥೆಯನ್ನು ಈಗ ಶಿಬಿರಗಳಲ್ಲಿ ಸಂಕಲ್ಪಶಕ್ತಿಯ ಪಾಠವಾಗಿ ಹೇಳುತ್ತಾರೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಉತ್ತರಿಸಲು ಬರಲಿಲ್ಲ, ಅವಮಾನವಾಯಿತು. ಶಿಬಿರದವರ ಶಾಸ್ತ್ರದ ಪ್ರಕಾರ ಅವರು ಮರುದಿನವೇ ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಬೇಕಿತ್ತು. ಅವರು ತಮ್ಮೂರ ಮಕ್ಕಳಿಗೆ ಶಾಲೆ ಬೇಕು ಎಂದು ಕಚೇರಿಗಳಿಗೆ ಅಲೆದರು, ಕಿತ್ತಳೆಯ ದುಡ್ಡು ಕೂಡಿಟ್ಟರು, ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಆಯಿತು. 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಪದ್ಮಶ್ರೀ ತೆಗೆದುಕೊಂಡರು. ಈ ಕಥೆಯಲ್ಲಿ ಸ್ವಂತವನ್ನು ತಿದ್ದಿಕೊಂಡದ್ದು ಎಲ್ಲಿದೆಯೋ ನಾನು ಕಾಣೆ. ಅವರು ತಿದ್ದಿದ್ದು ಊರನ್ನು.

ನನ್ನ ಕಣ್ಣೆದುರಿನ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ದಿನಾ ಮನೆ-ಅಂಗಡಿ ಬಾಗಿಲಿಗೇ ಬಂದು ಎರಡಾಣೆಯಾದರೂ ಸರಿ ತೆಗೆದುಕೊಂಡು ಹೋಗುವುದು. ಆಮೇಲೆ ಎಲ್ಲ ಕಡೆ ಆ ಪದ್ಧತಿ ಹಬ್ಬಿತು. ನಮ್ಮ ಶಾಖೆಯಲ್ಲೂ ಒಬ್ಬ ಪಿಗ್ಮಿ ಏಜೆಂಟ್ ಇದ್ದರು. ಸಣಕಲು ಆಳು, ಮಾತಿನಲ್ಲಿ ಸ್ವಲ್ಪ ಉಗ್ಗು, ಕಂಕುಳಲ್ಲಿ ಮಾಸಿದ ರೆಕ್ಸಿನ್ ಚೀಲ. ಇಪ್ಪತ್ತಾರು ವರ್ಷ, ಸಂಜೆ ನಾಲ್ಕೂವರೆಗೆ ಬಸ್‌ಸ್ಟ್ಯಾಂಡಿನ ಹೂವಿನಂಗಡಿಯಿಂದ ಹೊರಟು ಎಂಟಕ್ಕೆ ಪೇಟೆ ಬೀದಿಯ ಕೊನೆ ಮುಟ್ಟುವರು. ಮಳೆಯಿದ್ದರೂ ಅಷ್ಟೆ, ಬಂದ್ ಇದ್ದರೂ ಅಷ್ಟೆ. ಒಂದು ದಿನ ಅವರ ಜೊತೆ ನಾನೂ ಸುತ್ತಿದೆ. ಕಿರಾಣಿ ಅಂಗಡಿಯವರು ಗಿರಾಕಿ ಜೊತೆ ಮಾತಾಡುತ್ತಲೇ, ಇವರ ಮುಖವನ್ನೂ ನೋಡದೆ, ಗಲ್ಲಾದಿಂದ ನೋಟು ತೆಗೆದು ಕೈ ಚಾಚಿದರು. ಇವರು ಚೀಟಿ ಹರಿದಿಟ್ಟರು. ಅಂಗಡಿಯವರು ಅದನ್ನು ಓದದೆ ಮೊಳೆಗೆ ಸಿಕ್ಕಿಸಿದರು. ಮೂವತ್ತೆಂಟು ಅಂಗಡಿಯಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು. ಆ ಬೀದಿಯಲ್ಲಿ ಮ್ಯಾನೇಜರ್ ಆದ ನನ್ನನ್ನು ಎಲ್ಲರೂ ಎದ್ದು ನಿಂತು ಮಾತಾಡಿಸಿದರು. ಅವರನ್ನು ಯಾರೂ ಮಾತಾಡಿಸಲಿಲ್ಲ, ಅವರ ಕೈಗೆ ದುಡ್ಡು ಕೊಟ್ಟರು.

ಅವರು ಬಿಟ್ಟ ಮೇಲೆ ಬಂದ ಹುಡುಗ ಪದವೀಧರ. ನಗುಮುಖ, ಇಸ್ತ್ರಿ ಹಾಕಿದ ಶರ್ಟು, ಕೈ ಕುಲುಕಿ ಪರಿಚಯ ಹೇಳಿಕೊಳ್ಳುವ ಸೊಗಸು. ತರಬೇತಿಯಲ್ಲಿ ಅವನಿಗೆ ಒಳ್ಳೆಯ ಅಂಕ ಬಂದಿತ್ತು. ಒಳ್ಳೆಯ ಹುಡುಗನೇ. ಎಂಟು ತಿಂಗಳ ಕಾಲ ಪೇಟೆ ಬೀದಿಯವರು ಅವನು ಕೊಟ್ಟ ಚೀಟಿಯನ್ನು ಎರಡೆರಡು ಸಲ ಓದಿ ಮೊಳೆಗೆ ಸಿಕ್ಕಿಸುತ್ತಿದ್ದರು. ಒಂಬತ್ತನೆಯ ತಿಂಗಳು ಮೊದಲು ಓದುವುದು ಬಿಟ್ಟದ್ದು ಹೂವಿನಂಗಡಿಯವಳು.